ಕರಡಿಗೆಯ ಹಿಂದೆ ಇದ್ದದ್ದು

ಹಿಂದೂಪುರ

ಲಂಡನ್ನಿಗೆ ಹೋಗಿ ಬಂದ ಮೇಲೆ ಹಿಂದೂಪುರದ ಪೇಟೆಯಲ್ಲಿ ನಾನು ನಾಲ್ಕು ಹೆಜ್ಜೆ ನೆಟ್ಟಗೆ ನಡೆದದ್ದಿಲ್ಲ. ಬೆಲ್ಲದ ಮಂಡಿಯವರು ಕೂಗಿ ಕರೆಯುತ್ತಾರೆ. ಹೂವಿನವಳು ಸೆರಗು ಹಿಡಿದು ನಿಲ್ಲಿಸುತ್ತಾಳೆ. ರಾಜನ ಅರಮನೆ ನೋಡಿದೆಯಾ, ಹಡಗು ಎಷ್ಟು ದೊಡ್ಡದು, ಅಲ್ಲಿಯ ಹೆಂಗಸರು ಬೀದಿಯಲ್ಲೇ ಗಂಡನ ಕೈ ಹಿಡಿಯುತ್ತಾರಂತೆ ನಿಜವಾ. ನಾನು ನೋಡಿದ್ದು ಒಂದು ಆಸ್ಪತ್ರೆ, ಒಂದು ಅಡಿಗೆಮನೆ, ಅವೆರಡರ ನಡುವಿನ ಒಂದು ಬೀದಿ. ಅದಿಷ್ಟನ್ನು ಬರೆದುಬಿಡುತ್ತೇನೆ, ಮತ್ತೆ ಯಾರೂ ಕೇಳಬೇಡಿ. ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ. ಒತ್ತು ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ಮಾತು ಮಾತ್ರ ತಿದ್ದಬೇಡಿ.

ಹೋದದ್ದು ನನ್ನ ತಮ್ಮ ವೀರಭದ್ರಪ್ಪನ ಸಲುವಾಗಿ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಎಣ್ಣೆಯ ಗಿರಣಿ ಇಟ್ಟುಕೊಂಡವನು. ಹೆಂಡತಿ ತೀರಿ ಬಹಳ ದಿನವಾಗಿತ್ತು. ಅವನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಎಂಬುದು ಬೆಳೆದಿತ್ತು. ಅದನ್ನು ಕೊಯ್ದು ತೆಗೆಯುವವರು ಲಂಡನ್ನಿನಲ್ಲಿ ಇದ್ದಾರೆ ಎಂದು ಮದರಾಸಿನ ಡಾಕ್ಟರು ಕಾಗದ ಬರೆದುಕೊಟ್ಟರು. ಮಗ ಗಿರಣಿ ನೋಡಿಕೊಳ್ಳಬೇಕು. ತಮ್ಮ ಅಡ್ಡ ಬಿದ್ದ ಎತ್ತಿನ ಹಾಗೆ ಮಲಗಿಬಿಟ್ಟ.

"ಅಕ್ಕಯ್ಯ ಬಂದ್ರೆ ಹೋಯ್ತೀನಿ. ಇಲ್ದಿದ್ರೆ ಇಲ್ಲೇ ಸಾಯ್ತೀನಿ. ಕಂಡಕಂಡೋರು ಮಾಡಿದ್ದು ನಾನು ಉಣ್ಣಲ್ಲ."

"ನಿನ್ ಹೊಟ್ಟೆಗೋಸ್ಕರ ನಾನು ಸಮುದ್ರ ದಾಟ್ಬೇಕೇನ್ಲಾ?"

"ದಾಟು. ಏನಾಯ್ತದೆ? ನಿಂಗೇನು ಇಲ್ಲಿ ಮಕ್ಕಳು ಅಳ್ತಾವಾ?"

ನನಗೆ ಮಕ್ಕಳಿಲ್ಲ. ಗಂಡ ಹೋಗಿ ಮೂವತ್ತು ವರ್ಷ. ಹಾಗೆಂದು ಅರವತ್ತೆಂಟರ ವಯಸ್ಸಿನಲ್ಲಿ ರಾಗಿಹಿಟ್ಟಿನ ಗಂಟು ಹೊತ್ತು ಹಡಗು ಹತ್ತಬೇಕೆಂದೇನೂ ಇಲ್ಲ. ಹತ್ತಿದೆ. ಹತ್ತಲು ಇನ್ನೊಂದು ಕಾರಣ ಇತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬೆಂಗಳೂರು

ಇದು ಹಡಗಿಗೆ ಒಂದು ವರ್ಷದ ಹಿಂದಿನ ಮಾತು. ತಮ್ಮನಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ಹದಿನಾರನೆಯ ವಯಸ್ಸಿನಿಂದ ಚುಟ್ಟ ಸೇದಿದವನಿಗೆ ಕೆಮ್ಮು ಹೊಸದಲ್ಲ. ಆದರೆ ಒಂದು ಬೆಳಿಗ್ಗೆ ಉಗುಳಿನಲ್ಲಿ ರಕ್ತದ ಎಳೆ ಕಂಡಿತು. ಕ್ಷಯ ಇರಬಹುದು, ಎಕ್ಸ್‌ರೇ ತೆಗೆಸಿ ಎಂದು ಊರಿನ ಡಾಕ್ಟರು ಹೇಳಿದರು. ನಾನೇ ಅವನನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ.

ಎಕ್ಸ್‌ರೇ ತೆಗೆಯುವವನು, "ಕೊರಳಲ್ಲಿರೋದು ಬಿಚ್ಚಿಡಿ" ಎಂದ.

ಕೊರಳಲ್ಲಿದ್ದದ್ದು ಇಷ್ಟಲಿಂಗ. ನಮ್ಮವರು ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಇಟ್ಟು, ಶಿವದಾರದಿಂದ ಎದೆಯ ಮೇಲೆ ಇಳಿಬಿಟ್ಟುಕೊಳ್ಳುತ್ತೇವೆ. ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗುವವರೆಗೆ ಮೈ ಬಿಟ್ಟು ಅಗಲಬಾರದು. ತಮ್ಮ ನನ್ನ ಮುಖ ನೋಡಿದ. ಅವನು ನೋಡಿದ್ದು ನಿಜ. ಅವನಾಗಿ ಏನೂ ಹೇಳಲಿಲ್ಲ.

"ಬಿಚ್ಚಲ್ಲ" ಎಂದವಳು ನಾನು. "ಲಿಂಗ ಬಿಚ್ಚಿ ಉಸಿರಾಡೋ ಜಾತಿ ಅಲ್ಲಪ್ಪ ನಮ್ದು. ಹಂಗೇ ತೆಗಿ."

ಹಾಗೇ ತೆಗೆದ. ಪ್ಲೇಟಿನಲ್ಲಿ ಪಕ್ಕೆಲುಬುಗಳ ನಡುವೆ ಕೋಳಿಮೊಟ್ಟೆಯಷ್ಟು ಬೆಳ್ಳಗೆ ಒಂದು ಗುಂಡು. ಡಾಕ್ಟರು ಬೆಳಕಿಗೆ ಹಿಡಿದು, "ಇದು ಕರಡಿಗೆ. ಇದರ ಹಿಂದೆ ಏನಿದೆಯೋ ನನಗೆ ಕಾಣುವುದಿಲ್ಲ. ಬಿಚ್ಚಿ ಇನ್ನೊಂದು ತೆಗೆಸಿ, ಇಲ್ಲದಿದ್ದರೆ ನಾನು ಏನೂ ಹೇಳಲಾರೆ" ಎಂದರು. ನಾವು ಪ್ಲೇಟನ್ನು ಲಕೋಟೆಯೊಳಗೆ ಹಾಕಿಸಿಕೊಂಡು ಸಂಜೆಯ ರೈಲಿಗೆ ಹೊರಟುಬಂದೆವು.

ಕಲ್ಯಾಣದುರ್ಗ

ಆಮೇಲೆ ಆದದ್ದನ್ನು ಬರೆಯಲು ನನಗೆ ಸಿಟ್ಟು ಬರುತ್ತದೆ.

ಕಲ್ಯಾಣದುರ್ಗದ ಮನೆಯಲ್ಲಿ ತಮ್ಮನ ಸೊಸೆ ಗಿರಿಜ ಆ ಪ್ಲೇಟನ್ನು ಕಿಟಕಿಗೆ ಹಿಡಿದು ನೋಡಿದಳು. ಕಪ್ಪಿನ ನಡುವೆ ಬೆಳ್ಳನೆಯ ಗುಂಡು. "ಅಯ್ಯೋ ಶಿವನೇ, ಮಾವಯ್ಯನ ಎದೆಯೊಳಗೇ ಲಿಂಗ ಕೂತದೆ!" ಎಂದು ಕೈಮುಗಿದಳು. ಪಕ್ಕದ ಮನೆಯವರು ಬಂದರು. ಓಣಿಯವರು ಬಂದರು. ಬಂದವರೆಲ್ಲ ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಶಿವಶಿವ ಎಂದರು. ವಾರ ಕಳೆಯುವಷ್ಟರಲ್ಲಿ ಪ್ಲೇಟಿಗೆ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ನೇತುಹಾಕಿದ್ದರು. ಅದಕ್ಕೆ ವಿಭೂತಿ, ಅದಕ್ಕೆ ದಿನಾ ಒಂದು ಕಣಗಿಲೆ ಹೂವು.

ಡಾಕ್ಟರ ಕೈಗೆ ಹೋಗಬೇಕಾದ ವಸ್ತು ಎಂಟು ತಿಂಗಳು ಪೂಜೆ ಮಾಡಿಸಿಕೊಂಡು ಗೋಡೆಯ ಮೇಲೆ ಕೂತಿತು. ನಾನು ಎರಡು ಸಲ ಕಲ್ಯಾಣದುರ್ಗಕ್ಕೆ ಹೋಗಿ ಬಂದೆ. ನೋಡಿದೆ. ನಗು ಬಂತು. ತೆಗೆಸಲಿಲ್ಲ. ಕೆಮ್ಮಿಗೆ ಕ್ಷಯದ ಸೂಜಿಮದ್ದು ಚುಚ್ಚಿಸಿದರು, ಆಡುಸೋಗೆಯ ಕಷಾಯ ಕುಡಿಸಿದರು. ಒಂದು ದಿನ ಅರ್ಧ ಲೋಟ ರಕ್ತ ಬಿತ್ತು. ಆಗ ಮದರಾಸು. ಅಲ್ಲಿಯ ಡಾಕ್ಟರಿಗೆ ತಾಳ್ಮೆ ಕಡಿಮೆ, ಬುದ್ಧಿ ಹೆಚ್ಚು. "ಬಿಚ್ಚುವುದಿಲ್ಲವಾ? ಪಕ್ಕಕ್ಕೆ ತಿರುಗಿ ನಿಲ್ಲು" ಎಂದರು. ಪಕ್ಕದಿಂದ ತೆಗೆದ ಪ್ಲೇಟಿನಲ್ಲಿ ಕರಡಿಗೆ ಎದೆಯ ಮುಂದೆ ತನ್ನ ಪಾಡಿಗೆ ತಾನು ನೇತಾಡುತ್ತಿತ್ತು. ಎದೆಯ ಒಳಗೆ, ಗುಂಡಿಗೆಯ ಪಕ್ಕ, ನಿಂಬೆಹಣ್ಣಿನಷ್ಟು ಇನ್ನೊಂದು ಇತ್ತು.

ಹಡಗು

ಹಡಗಿನ ಬಗ್ಗೆ ಹೇಳುವುದು ಕಡಿಮೆ. ಸಮುದ್ರ ಎಂದರೆ ನೀರು. ಒಂದು ದಿನ ನೋಡಬಹುದು. ಹದಿನೆಂಟು ದಿನ ನೋಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಬೊಂಬಾಯಿ ಬಿಟ್ಟ ಎರಡನೆಯ ದಿನದಿಂದ ನನಗೆ ವಾಂತಿ. ಕಾಯಿಲೆಯವನು ನೆಟ್ಟಗಿದ್ದ, ನೋಡಿಕೊಳ್ಳಲು ಬಂದವಳು ಮಲಗಿದ್ದೆ. ಅವನು ಗಿರಣಿಯ ಇಂಗ್ಲಿಷ್ ಹಿಡಿದುಕೊಂಡು ಹಡಗೆಲ್ಲ ಸುತ್ತಿ, ಪಂಜಾಬಿನವನೊಬ್ಬನನ್ನು ಗೆಳೆಯನನ್ನಾಗಿ ಮಾಡಿಕೊಂಡು, ಮೇಲಟ್ಟದಲ್ಲಿ ಕೂತು ಚುಟ್ಟ ಸೇದುತ್ತಿದ್ದ.

ಏಡನ್ ಹತ್ತಿರ ನನಗೆ ಎದ್ದು ನಿಲ್ಲುವಷ್ಟು ಶಕ್ತಿ ಬಂತು. ಬಂದ ಕೂಡಲೇ ಅವನ ಪೆಟ್ಟಿಗೆ ತೆಗೆದು ಚುಟ್ಟದ ಕಟ್ಟು ಎಲ್ಲವನ್ನೂ ಸಮುದ್ರಕ್ಕೆ ಎಸೆದೆ.

"ಅದು ಪೆನುಕೊಂಡದ ಚುಟ್ಟ ಕಣಕ್ಕ! ನಿಂಗೇನು ತಲೆ ಕೆಟ್ಟದಾ?"

"ಮೀನು ಸೇದ್ಲಿ. ಅವುಕ್ಕೆ ಕೆಮ್ಮು ಬರಲ್ಲ."

ಮೂರು ದಿನ ಮಾತಾಡಲಿಲ್ಲ. ನನಗೂ ಅದರಿಂದ ಕಿವಿಗೆ ಸುಖವಾಯಿತು.

ಇಳಿಯುವ ಕಟ್ಟೆಯಲ್ಲಿ ಸುಂಕದವನು ನನ್ನ ಗಂಟು ಬಿಚ್ಚಿದ. ರಾಗಿಹಿಟ್ಟು, ಹುರುಳಿ, ಹುಣಸೆಹಣ್ಣು, ಮೆಣಸಿನಪುಡಿ ಎಲ್ಲ ದಾಟಿದವು. ವಿಭೂತಿಯ ಗಟ್ಟಿಗಳ ಹತ್ತಿರ ಬಂದು ನಿಂತ. ಒಂದನ್ನು ಎತ್ತಿ ಮೂಸಿದ, ಉಗುರಿನಿಂದ ಕೆರೆದ, ನಾಲಿಗೆಯ ತುದಿಗೆ ಇಟ್ಟುಕೊಂಡ. ಇದೇನು ಎಂದು ಕೇಳಿದ. ತಮ್ಮ ಬಹಳ ಮರ್ಯಾದೆಯಿಂದ, ಇದು ಹಸುವಿನ ಸಗಣಿಯ ಬೂದಿ ಎಂದು ಇಂಗ್ಲಿಷಿನಲ್ಲಿ ತಿಳಿಸಿದ. ಆಮೇಲೆ ಅವನು ನಮ್ಮ ಯಾವ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ.

ಲಂಡನ್

ನಮ್ಮನ್ನು ಇಳಿಸಿಕೊಳ್ಳಲು ಬಂದವಳು ದೊರಸಾನಿ. ಕಲ್ಯಾಣದುರ್ಗದ ಮಿಷನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದು, ಮುಪ್ಪಿಗೆ ತನ್ನ ದೇಶಕ್ಕೆ ವಾಪಸ್ಸು ಹೋದವಳು. ತಮ್ಮನ ಮಗನ ಹೆರಿಗೆ ಮಾಡಿಸಿದವಳು ಅವಳೇ. ಬೆಂಗಳೂರಿನ ಪ್ಲೇಟಿನ ಕಥೆಯನ್ನೂ ನಾವು ಬರುವುದನ್ನೂ ಕಾಗದ ಬರೆದು ತಿಳಿಸಿದ್ದೆವು. ಆ ಮಂಜಿನಲ್ಲಿ, ಆ ಕಪ್ಪು ಕೋಟಿನ ಜನರ ನಡುವೆ, ಒಂದು ಕೊಡೆ ಮೇಲೆದ್ದು, "ಸಿದ್ದಮ್ಮಾ! ವಚ್ಚಿನಾವಾ?" ಎಂದು, ಬಂದೆಯಾ ಎಂದು ಕೇಳುವ ಅನಂತಪುರದ ತೆಲುಗು ಕೇಳಿಸಿತು. ನನಗೆ ತೆಲುಗು ಅಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳುವುದು, ಅವಳು ತೆಲುಗಿನಲ್ಲಿ ಹೇಳುವುದು, ನಮ್ಮ ಊರಿನ ಸಂತೆಯ ಹಾಗೆಯೇ ನಡೆಯಿತು.

ಅವಳ ಮನೆ ಎರಡು ಕೋಣೆ. ಅದರಲ್ಲಿ ಒಂದನ್ನು ನಮಗೆ ಬಿಟ್ಟಳು. ಲಂಡನ್ನಿನವರು ಸ್ನಾನವನ್ನು ತೊಟ್ಟಿಯೊಳಗೆ ಕೂತು ಮಾಡುತ್ತಾರೆ. ಮೈಯ ಕೊಳೆ ನೀರಿಗೆ ಹೋಗುತ್ತದೆ, ನೀರಿನ ಕೊಳೆ ಮೈಗೆ ಬರುತ್ತದೆ. ನಾನು ತೊಟ್ಟಿಯ ಪಕ್ಕ ನಿಂತು ಚೊಂಬಿನಿಂದ ಹುಯ್ದುಕೊಂಡೆ. ನೀರು ಕೆಳಗಿನ ಮನೆಯ ಸೂರಿನಿಂದ ಇಳಿದು, ಆ ಮನೆಯವಳು ಬಂದು ಕೂಗಾಡಿದಳು. ಯುದ್ಧ ಮುಗಿದು ಅಷ್ಟು ವರ್ಷವಾದರೂ ಅಲ್ಲಿ ಸಕ್ಕರೆಗೆ ಚೀಟಿ, ಮೊಟ್ಟೆಗೆ ಚೀಟಿ. ನಮ್ಮನ್ನು ಇನ್ನೂರು ವರ್ಷ ಆಳಿದವರು ಬೆಣ್ಣೆಗೆ ಸಾಲಿನಲ್ಲಿ ನಿಂತದ್ದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಕಾಲು ನೋಯುತ್ತಿತ್ತು, ನಾನೂ ಅದೇ ಸಾಲಿನಲ್ಲಿ ನಿಂತಿದ್ದೆ.

ಎಲ್ಲಕ್ಕಿಂತ ರೇಜಿಗೆ ಹಿಡಿಸಿದ್ದು ಹೊಗೆ. ಮನೆಮನೆಯಲ್ಲೂ ಇದ್ದಲಿನ ಬೆಂಕಿ, ಮಾಡುಮಾಡಿಗೂ ಚಿಮಣಿ. ಮೂಗು ಒರೆಸಿದರೆ ಸೆರಗು ಕಪ್ಪು. ಕೆಳಗೆ ಮನುಷ್ಯರ ಬಾಯಲ್ಲೂ ಹೊಗೆ, ಗಂಡಸು ಹೆಂಗಸು ಎಂದಿಲ್ಲ. ಊರಿಗೆ ಊರೇ ಚುಟ್ಟ ಹಚ್ಚಿಕೊಂಡು ಕೂತ ಹಾಗಿತ್ತು. ಎದೆಯ ಕಾಯಿಲೆ ವಾಸಿ ಮಾಡಿಕೊಳ್ಳಲು ನಾವು ಹುಡುಕಿಕೊಂಡು ಬಂದ ಊರು ಇದು.

ದೊರಸಾನಿ ಮೊದಲ ದಿನವೇ ನೆಲದ ಮೇಲೆ ಕೂತು, ಹುರುಳಿಸಾರಿನಲ್ಲಿ ಮುದ್ದೆ ಮುರಿದು, ಅಗಿಯದೆ ನುಂಗಿದಳು. ಎರಡು ಮುದ್ದೆ ನುಂಗಿ, ಆಸ್ಪತ್ರೆಯ ಬಾವಿಯ ಹತ್ತಿರದ ಹುಣಸೆಮರ ಇದೆಯಾ ಎಂದು ಕೇಳಿದಳು. ಕಡಿದರು ಎಂದೆ. ಅವಳು ಎದ್ದು ಕೈ ತೊಳೆದುಕೊಂಡಳು.

ಆಸ್ಪತ್ರೆ

ಆಸ್ಪತ್ರೆಗೆ ಸೇರಿಸಿದ ದಿನ ಮೊದಲು ಎಕ್ಸ್‌ರೇ. ದೊರಸಾನಿ ಕಾಗದಪತ್ರಕ್ಕೆಂದು ಬೇರೆ ಕಡೆ ಹೋಗಿದ್ದಳು. ಅಲ್ಲಿಯ ಹೆಂಗಸು ತಮ್ಮನ ಎದೆಯ ಮೇಲಿನ ಕರಡಿಗೆಗೆ ಬೆರಳು ತೋರಿಸಿ, ತೆಗೆ ಎಂಬಂತೆ ಕೈ ಮಾಡಿದಳು.

"ನೋ" ಎಂದ ತಮ್ಮ.

ಅವಳು ಮತ್ತೆ ತೋರಿಸಿದಳು. ಇವನು ಮತ್ತೆ ನೋ. ಅವಳ ದನಿ ಏರಿತು, ಇವನ ಕೆಮ್ಮು ಏರಿತು. ನಾನು ನಡುವೆ ನಿಂತಿದ್ದೆ. ಬಿಚ್ಚು ಎನ್ನಲು ಬಾಯಿ ಬರಲಿಲ್ಲ, ಬೇಡ ಎನ್ನಲು ಈ ಸಲ ಧೈರ್ಯವೂ ಬರಲಿಲ್ಲ. ಅಷ್ಟು ದೂರ ಸಮುದ್ರ ದಾಟಿಸಿ ಬೆಂಗಳೂರಿನದೇ ಕೋಣೆಗೆ ಶಿವ ನಮ್ಮನ್ನು ತಂದು ನಿಲ್ಲಿಸಿದ್ದ.

ದೊರಸಾನಿ ಕೊಡೆ ಊರಿಕೊಂಡು ಒಳಗೆ ಬಂದಳು. "ಏಂದಿ ಗೊಡವ?" ಎಂದು ಜಗಳ ಏನೆಂದು ಕೇಳಿದಳು. ತಮ್ಮ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತೋರಿಸಿದ. ಅವಳು ಅವನ ಮುಖ ನೋಡಿ, ದಿನಾ ಬೆಳಿಗ್ಗೆ ಪೂಜೆಗೆ ಲಿಂಗ ಎಲ್ಲಿ ಇಡುತ್ತೀಯಾ ಎಂದು ತೆಲುಗಿನಲ್ಲಿ ಕೇಳಿದಳು.

ಅವನು ಎಡಗೈ ಚಾಚಿ ಅಂಗೈ ತೋರಿಸಿದ.

"ಮರಿ, ಅಕ್ಕಡೇ ಪೆಟ್ಟು" ಎಂದಳು. ಹಾಗಾದರೆ ಅಲ್ಲೇ ಇಡು.

ಅಷ್ಟೇ. ಅವನು ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡ. ಬೆಳ್ಳಿಯ ಕರಡಿಗೆ ದಾರದ ಸಮೇತ ನನ್ನ ಸೆರಗಿಗೆ ಬಂತು. ಅವನು ಆ ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡು, ಎದೆಯನ್ನು ಹಲಗೆಗೆ ಒತ್ತಿ, ಉಸಿರು ಕಟ್ಟಿ ನಿಂತ. ಲಿಂಗ ಮೈ ಬಿಡಲಿಲ್ಲ. ಎದೆಯ ಮೇಲೆ ಏನೂ ಇರಲಿಲ್ಲ. ಟಕ್ ಎಂದು ಶಬ್ದವಾಯಿತು, ಮುಗಿಯಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ.

"ಬೆಂಗಳೂರಲ್ಲಿ ಹೀಗೆ ಮಾಡಲಿಲ್ಲವಾ?" ಎಂದು ದೊರಸಾನಿ ತೆಲುಗಿನಲ್ಲೇ ಕೇಳಿದಳು. "ಕಲ್ಯಾಣದುರ್ಗದಲ್ಲಿ ನಿಮ್ಮವರಿಗೆ ನಾನು ಹೊಲಿಗೆ ಹಾಕುವಾಗೆಲ್ಲ ಅಂಗೈಯಲ್ಲೇ ಹಿಡಿದುಕೊಳ್ಳುತ್ತಿದ್ದರು. ಬೇಡ ಎಂದವರು ಯಾರು?"

"ನೇನೇ" ಎಂದೆ. ನಾನೇ.

ಅರವತ್ತು ವರ್ಷದಿಂದ ದಿನಾ ಬೆಳಿಗ್ಗೆ ನಾನೂ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೇ ಪೂಜೆ ಮಾಡುತ್ತಿದ್ದೇನೆ. ಅದು ಕೈಯಲ್ಲಿರುವಾಗ ಎದೆಯ ಮೇಲೆ ಇರುವುದಿಲ್ಲ ಎಂಬುದನ್ನು ಒಬ್ಬ ಕ್ರಿಸ್ತಾನರ ಮುದುಕಿ ನನಗೆ ಹೇಳಿಕೊಡಬೇಕಾಯಿತು.

ಮುಂದಿನ ವಾರವೆಲ್ಲ ಪರೀಕ್ಷೆ. ಉಗುಳನ್ನು ಗಾಜಿನ ಮೇಲೆ ಸವರಿ ನೋಡಿದರು. ಕತ್ತಿ ನುಂಗುವ ದೊಂಬರವನ ಹಾಗೆ ತಲೆ ಹಿಂದಕ್ಕೆ ಬಾಗಿಸಿ, ಗಂಟಲಿನಲ್ಲಿ ನೆಟ್ಟನೆಯ ಕೊಳವೆ ಇಳಿಸಿ, ಒಳಗಿನಿಂದ ಒಂದು ಚೂರು ಕಿತ್ತರು. ಆ ಚೂರನ್ನು ಭೂತಗನ್ನಡಿಯಲ್ಲಿ ನೋಡಿ ಕ್ಯಾನ್ಸರೇ ಎಂದರು. ತೆಲುಗಿನಲ್ಲಿ ಇದಕ್ಕೆ ರಾಚಪುಂಡು ಎಂಬ ಹೆಸರು, ರಾಜನಂಥ ಹುಣ್ಣು ಎಂದು. ಹುಣ್ಣಾದರೆ ಕೀವು ಎಲ್ಲಿ, ನೋವು ಎಲ್ಲಿ ಎಂದು ನಾನು ದೊರಸಾನಿಯನ್ನು ಪೀಡಿಸಿದೆ.

ಅವಳು ಹೇಳಿದ್ದು ಇಷ್ಟು. ಎದೆಯೊಳಗೆ ಕಮ್ಮಾರನ ತಿದಿಯ ಹಾಗೆ ಎರಡು ಚೀಲ. ಇದು ಹುಣ್ಣಲ್ಲ, ಕಳೆ. ಮೈಯ ಮಾಂಸ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಬೆಳೆಯುತ್ತಾ ಹೋಗುವುದು. ಕಡಲೆಕಾಯಿ ಹೊಲದಲ್ಲಿ ಜೇಕು ಬಂದ ಹಾಗೆ. ಮೇಲಿನ ಎಲೆ ಕಿತ್ತರೆ ಸಾಯುವುದಿಲ್ಲ, ಗಡ್ಡೆ ಒಳಗೇ ಇರುತ್ತದೆ. ಒಂದೇ ಕಡೆ ಇರುವಾಗ ಹೆಂಟೆಯ ಸಮೇತ ಅಗೆದು ಆಚೆಗೆ ಎಸೆದರೆ ಹೊಲ ಉಳಿಯುತ್ತದೆ. ಒಂದು ಚೀಲ ಪೂರಾ ತೆಗೆದರೂ ಇನ್ನೊಂದರಲ್ಲಿ ಮನುಷ್ಯ ಬದುಕುತ್ತಾನೆ. ಬದುವಿಗೆ ಹಬ್ಬಿ ಪಕ್ಕದ ಹೊಲಕ್ಕೆ ಹೋದ ಮೇಲೆ ಅಗೆದು ಪ್ರಯೋಜನವಿಲ್ಲ.

"ಇದು ಬದುವಿಗೆ ಹೋಗ್ಬುಟ್ಟದಾ?" ಎಂದೆ.

ತೆರೆದು ನೋಡದೆ ಗೊತ್ತಾಗುವುದಿಲ್ಲ ಎಂದಳು.

ಅದೇ ವಾರ ಒಬ್ಬ ಹೆಂಗಸು ಕಾಗದ ಹಿಡಿದುಕೊಂಡು ವಾರ್ಡಿಗೆ ಬಂದು, ಮಂಚಮಂಚದ ಹತ್ತಿರವೂ ಕೂತು, ಎಷ್ಟು ವರ್ಷದಿಂದ ಸೇದುತ್ತೀರಿ, ದಿನಕ್ಕೆ ಎಷ್ಟು ಎಂದು ಕೇಳಿ ಬರೆದುಕೊಂಡಳು. ಹೊಗೆಯಿಂದಲೇ ಇದು ಬರುತ್ತದೆ ಎಂದು ಕೆಲವು ಡಾಕ್ಟರು ಹೇಳಲು ಶುರುಮಾಡಿದ್ದಾರೆ, ಉಳಿದವರು ನಗುತ್ತಾರೆ ಎಂದು ದೊರಸಾನಿ ಹೇಳಿದಳು. ತಮ್ಮ ಎರಡು ಬೆರಳು ತೋರಿಸಿದ.

"ಎರಡೇನ್ಲಾ? ಎರಡು ಎದ್ದೇಳೋ ಮುಂಚೆ ಸೇದ್ತಿದ್ದೆ. ಹತ್ತು ಅಂತ ಹೇಳು."

"ಅವಳಿಗ್ಯಾಕಕ್ಕ ಪೂರಾ ಲೆಕ್ಕ? ಅವಳೇನು ಹೆಣ್ಣು ಕೊಡ್ತಾಳಾ?"

ನಾನೇ ಹತ್ತೂ ಬೆರಳು ತೋರಿಸಿದೆ. ಅವಳು ಹತ್ತು ಎಂದೇ ಬರೆದುಕೊಂಡಳು. ಆ ಕಾಗದದಿಂದ ಯಾರಿಗಾದರೂ ಉಪಯೋಗವಾಗುವುದಾದರೆ ಸುಳ್ಳು ಇರಬಾರದು. ತಮಾಷೆ ಎಂದರೆ ಕೊಯ್ಯುವ ದೊಡ್ಡ ಡಾಕ್ಟರು ನಮ್ಮ ಹತ್ತಿರ ಮಾತಾಡುವಾಗಲೆಲ್ಲ ಅವರ ಬೆರಳ ಸಂದಿಯಲ್ಲಿ ಸಿಗರೇಟು ಉರಿಯುತ್ತಿತ್ತು. "ನೋಡಕ್ಕ, ಡಾಕ್ಟರೇ ಸೇದ್ತಾನೆ" ಎಂದು ತಮ್ಮನಿಗೆ ಅದೊಂದು ಸಮಾಧಾನ.

ಕೊಯ್ದ ದಿನ

ಕೊಯ್ಯುವ ದಿನ ಲಿಂಗದ ಮಾತು ಮತ್ತೆ ಎದ್ದಿತು. ದೊರಸಾನಿ ಮೊದಲೇ ಹೋಗಿ ದೊಡ್ಡ ಡಾಕ್ಟರ ಹತ್ತಿರ ಮಾತಾಡಿದ್ದಳು. ನರ್ಸು ಲಿಂಗವನ್ನು ಸ್ಪಿರಿಟಿನಲ್ಲಿ ಒರೆಸಿ, ಎಡ ಅಂಗೈಯಲ್ಲಿ ಇಟ್ಟು, ಮೇಲೆ ಬಿಳಿಯ ಪಟ್ಟಿ ಸುತ್ತಿದಳು. ಸೂಜಿಗಳನ್ನೆಲ್ಲ ಬಲಗೈಗೆ ಹಾಕಿದರು. ಯಾರೂ ನಗಲಿಲ್ಲ. ಹಲ್ಲಿನ ಕಟ್ಟು ತೆಗೆದಿಟ್ಟುಕೊಳ್ಳುವ ಹಾಗೆ ಅದೂ ಅವರಿಗೆ ಒಂದು ಕೆಲಸ. ತಳ್ಳುಬಂಡಿಯಲ್ಲಿ ಹೋಗುವಾಗ ಅವನು ಆ ಪಟ್ಟಿ ಸುತ್ತಿದ ಮುಷ್ಟಿಯನ್ನು ಎತ್ತಿ ನನಗೆ ತೋರಿಸಿದ.

"ಬತ್ತೀನಿ ಕಣಕ್ಕ. ಸಾರಿಗೆ ಉಪ್ಪು ಜಾಸ್ತಿ ಹಾಕ್ಬೇಡ."

ಬೆನ್ನಿನಿಂದ ಹಿಡಿದು ಕಂಕುಳ ಕೆಳಗೆ ಸುತ್ತಿಕೊಂಡು ಕೊಯ್ಯುತ್ತಾರೆ, ಪಕ್ಕೆಲುಬು ಅಗಲಿಸಿ ಒಳಗೆ ಕೈ ಹಾಕುತ್ತಾರೆ, ನಾಲ್ಕು ಐದು ಗಂಟೆ ಆಗುತ್ತದೆ ಎಂದು ಹೇಳಿದ್ದರು. ನಾನೂ ದೊರಸಾನಿಯೂ ಬೆಂಚಿನ ಮೇಲೆ ಕೂತೆವು. ಯಾರೋ ಹಾಲು ಹಾಕಿದ ಚಹಾ ತಂದುಕೊಟ್ಟರು. ಬೆಲ್ಲದ ಗಾಣದ ಕೊಪ್ಪರಿಗೆ ತೊಳೆದ ನೀರಿಗೆ ಅದಕ್ಕಿಂತ ರುಚಿ ಇರುತ್ತದೆ. ಅದನ್ನು ಕುಡಿದು ಮುಗಿಸುವಷ್ಟರಲ್ಲಿ ದೊಡ್ಡ ಡಾಕ್ಟರು ಬಾಗಿಲು ತಳ್ಳಿಕೊಂಡು ಬಂದರು. ಒಂದೂವರೆ ಗಂಟೆಯೂ ಆಗಿರಲಿಲ್ಲ.

ಬೇಗ ಬಂದದ್ದರಲ್ಲೇ ನನಗೆ ಅರ್ಥವಾಯಿತು. ಅವರು ಇಂಗ್ಲಿಷಿನಲ್ಲಿ ಹೇಳಿದರು, ದೊರಸಾನಿ ತೆಲುಗಿನಲ್ಲಿ ಹೇಳಿದಳು. ಅದು ಗುಂಡಿಗೆಯಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿದೆ. ನಡುವಿನ ಗಂಟುಗಳಿಗೂ ಹೋಗಿದೆ. ತೆಗೆಯಲು ಹೋದರೆ ಮೇಜಿನ ಮೇಲೇ ಸಾಯುತ್ತಾನೆ. ಹಾಗೇ ಹೊಲಿದು ಮುಚ್ಚಿದ್ದೇವೆ.

"ಎಂಟು ತಿಂಗಳು ಮುಂಚೆ ಬಂದಿದ್ರೆ? ಕೇಳು" ಎಂದೆ.

ಅವಳು ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡಳು. "ವದ್ದು ಸಿದ್ದಮ್ಮಾ."

"ಬೇಡ ಅನ್ನೋದು ನನ್ ಕೆಲ್ಸ, ಅದನ್ನ ನಾನು ಆಗ್ಲೇ ಮಾಡ್ಬುಟ್ಟೆ. ನೀನು ಕೇಳು."

ಕೇಳಿದಳು. ಡಾಕ್ಟರು ಸಿಗರೇಟು ಹಚ್ಚಿಕೊಂಡರು. ಆಮೇಲೆ, ಆಗ ತೆಗೆಯಲು ಆಗುತ್ತಿತ್ತೇನೋ, ತೆಗೆದರೂ ಉಳಿಯುತ್ತಿದ್ದ ಎಂದು ಹೇಳಲಾರೆ ಎಂದರು. ನಮ್ಮ ಜೋಯಿಸರೂ ಹೀಗೇ ಹೇಳುತ್ತಾರೆ. ಆ "ಏನೋ" ಎಂಬ ಮಾತನ್ನು ನಾನು ಅಲ್ಲಿಂದ ಕಟ್ಟಿಕೊಂಡು ಬಂದೆ. ಲಂಡನ್ನಿನಿಂದ ಏನು ತಂದೆ ಎಂದು ಕೇಳುವವರಿಗೆ ಇದೇ ಉತ್ತರ.

ಅಲ್ಲಿಯ ರೂಢಿ ಏನೆಂದರೆ ಇಂಥದ್ದನ್ನು ರೋಗಿಗೆ ಹೇಳುವುದಿಲ್ಲ. ನೀನೂ ಹೇಳಬೇಡ ಎಂದರು. ಎರಡನೆಯ ದಿನ ಅವನಿಗೆ ಬುದ್ಧಿ ತಿಳಿಯಾಯಿತು.

"ತೆಗೆದ್ರಾ ಅಕ್ಕ?"

"ಇಲ್ಲ ಕಣಪ್ಪ. ತೆರೆದು ನೋಡಿ ಮುಚ್ಬುಟ್ರು. ಅಂಟ್ಕೊಂಡದಂತೆ."

ಅವನು ಸೂರು ನೋಡುತ್ತಾ ಮಲಗಿದ್ದ. ಎಡಗೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

"ಅವತ್ತೇ ಕೈಯಾಗೆ ಹಿಡ್ಕೋಬೋದಿತ್ತು ಅಲ್ವಾ?"

"ಹೂಂ."

"ನಂಗೂ ಹೊಳೀಲಿಲ್ಲ ಬಿಡು. ನಂಗೂ ಕೈ ಇತ್ತು" ಎಂದ. ನನ್ನ ಕಡೆ ತಲೆ ತಿರುಗಿಸಿ, "ಹಂಗಾದ್ರೆ ಆ ಚುಟ್ಟ ಸುಮ್ನೆ ಎಸೆದೆ" ಎಂದ.

ಪಕ್ಕದ ಮಂಚದವನು ಒಂದು ಸಿಗರೇಟು ಕೊಟ್ಟ. ಎರಡು ದಂ ಎಳೆದು, ಹೊಲಿಗೆ ಹರಿಯುವಂತೆ ಕೆಮ್ಮಿ, ತಾನೇ ಆರಿಸಿ ಬಿಸಾಡಿದ. "ಹುಲ್ಲಿನಂಗದೆ. ಇದನ್ನ ಸೇದಿ ನಮ್ಮನ್ನ ಹೆಂಗೆ ಆಳಿದ್ರೋ!"

ಕಿರಣ

ಗಾಯ ಮಾಗಿದ ಮೇಲೆ ಕಿರಣ ಕೊಟ್ಟರು. ಎಕ್ಸ್‌ರೇಯದೇ ಕಿರಣ, ಆದರೆ ಚಿತ್ರ ತೆಗೆಯುವುದಕ್ಕಲ್ಲ, ಸುಡುವುದಕ್ಕೆ. ಗಿರಣಿಯ ಯಂತ್ರದಂಥ ದೊಡ್ಡ ಯಂತ್ರದ ಕೆಳಗೆ ಒಬ್ಬನನ್ನೇ ಮಲಗಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಗುಂಯ್ ಎನ್ನುತ್ತದೆ. ವಾರದಲ್ಲಿ ಐದು ದಿನದಂತೆ ಐದು ವಾರ. ಎದೆಯ ಚರ್ಮ ಬಿಸಿಲಿಗೆ ಬೆಂದಂತೆ ಕಪ್ಪಾಯಿತು, ಬಾಯಿಗೆ ರುಚಿ ಹೋಯಿತು. ನಾನು ಮಾಡಿದ ಸಾರನ್ನು ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದ. ಆ ಸಾರಿಗೋಸ್ಕರ ನನ್ನನ್ನು ಸಮುದ್ರ ದಾಟಿಸಿದವನು. ಆದರೆ ರಕ್ತ ಬೀಳುವುದು ನಿಂತಿತು. ಕೆಮ್ಮು ತಗ್ಗಿತು, ಮಲಗಿ ಉಸಿರಾಡುವ ಹಾಗಾಯಿತು. ಇದು ವಾಸಿ ಮಾಡುವುದಕ್ಕಲ್ಲ, ಇರುವಷ್ಟು ದಿನ ಸುಲಭ ಮಾಡುವುದಕ್ಕೆ ಎಂದು ದೊರಸಾನಿ ಬಿಡಿಸಿ ಹೇಳಿದಳು. ಅದನ್ನೂ ನಾನು ಅವನಿಗೆ ಹೇಳಿದೆ.

ಹೊರಡುವ ದಿನ ಉಳಿದ ರಾಗಿಹಿಟ್ಟು, ಹುಣಸೆಹಣ್ಣು ಎಲ್ಲ ದೊರಸಾನಿಯ ಅಡಿಗೆಮನೆಯಲ್ಲಿ ಬಿಟ್ಟೆ. ಅವಳು ಹಡಗಿನ ಕಟ್ಟೆಯವರೆಗೆ ಬಂದಳು. ತೆಲುಗಿನಲ್ಲಿ ಹೇಳಿದ್ದು ಒಂದೇ ಮಾತು, "ಗೋಡೆಯ ಮೇಲಿನ ಆ ಪ್ಲೇಟು ತೆಗೆದುಬಿಡು, ಸಿದ್ದಮ್ಮಾ."

ಮತ್ತೆ ಕಲ್ಯಾಣದುರ್ಗ

ಮನೆಗೆ ಹೋದವಳು ಕಾಲು ತೊಳೆದು ನೆಟ್ಟಗೆ ದೇವರ ಕೋಣೆಗೆ ಹೋದೆ. ಪ್ಲೇಟಿಗೆ ಅವತ್ತಿನ ಹೂವು ಇಟ್ಟಿತ್ತು. ಹೂವು ತೆಗೆದು ಪ್ಲೇಟು ಇಳಿಸಿದೆ. ಗಿರಿಜ ಓಡಿಬಂದಳು.

"ಅತ್ತಮ್ಮ, ಅದು ದೇವರು! ಮಾವಯ್ಯನ್ನ ಕಾಪಾಡಿ ಕರ್ಕೊಂಡ್ಬಂದಿರೋ ದೇವರು!"

"ದೇವರು ನಿಮ್ಮಾವಯ್ಯನ ಕೈಯಾಗವ್ನೆ ಕಣಮ್ಮ. ಇದು ಬೆಳ್ಳಿ ಡಬ್ಬಿ. ಇದರ ಹಿಂದೆ ಏನದೆ ನೋಡು."

ಮದರಾಸಿನ ಪ್ಲೇಟನ್ನೂ ಲಂಡನ್ನಿನದನ್ನೂ ಬಾಗಿಲ ಬೆಳಕಿಗೆ ಹಿಡಿದೆ. ಕಳೆ ಹೇಗೆ ಅಡಗಿತ್ತು, ಹೇಗೆ ಬೆಳೆಯಿತು ಎಂದು ಬೆರಳಿಟ್ಟು ತೋರಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರುಮಾಡಿದಳು. ಅಳಬೇಡ, ಅಳುವುದಿದ್ದರೆ ನಾನು ಮೊದಲು ಅಳಬೇಕು ಎಂದೆ. ಈಗ ಮೂರು ಪ್ಲೇಟೂ ಹಿಂದೂಪುರದಲ್ಲಿ ನನ್ನ ಹತ್ತಿರ ಇವೆ. ತಿಂಗಳು ದಾಟಿದ ಕೆಮ್ಮು ಇಟ್ಟುಕೊಂಡು ಲಂಡನ್ನಿನ ಸುದ್ದಿ ಕೇಳಲು ಬರುವವರಿಗೆ ನಾನು ಅರಮನೆಯ ಸುದ್ದಿ ಹೇಳುವುದಿಲ್ಲ, ಪ್ಲೇಟು ತೋರಿಸುತ್ತೇನೆ. ಎಕ್ಸ್‌ರೇಯವನು ಬಿಚ್ಚು ಎಂದರೆ ಎಡಗೈಯಲ್ಲಿ ಇಟ್ಟುಕೊಂಡು ನಿಲ್ಲಿ ಎನ್ನುತ್ತೇನೆ. ಒಬ್ಬಿಬ್ಬರು ಬೈದುಕೊಂಡು ಹೋದರು. ಗೋರಂಟ್ಲದ ಒಬ್ಬ ಹೋಗಿ ತೆಗೆಸಿಕೊಂಡು ಬಂದ. ಅವನದು ಬರೀ ನೆಗಡಿ. ನನ್ನನ್ನು ಕಂಡರೆ ಈಗಲೂ ಮುಖ ಊದಿಸುತ್ತಾನೆ.

ತಮ್ಮ ಕಡಲೆಕಾಯಿ ಕೀಳುವ ಕಾಲದವರೆಗೆ ಇದ್ದ. ಗಿರಣಿಯ ಜಗಲಿಯಲ್ಲಿ ಕೂತು ಗಾಡಿ ಇಳಿಸುವವರನ್ನು ಬೈಯುವಷ್ಟು ಉಸಿರು ಕೊನೆಯ ವಾರದವರೆಗೂ ಇತ್ತು. ಹೋದ ದಿನ ಬೆಳಿಗ್ಗೆ ಪೂಜೆ ಮುಗಿಸಿದ್ದ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗುಣಿಯೊಳಗೆ ಕೂರಿಸುತ್ತೇವೆ. ಮಠದ ಅಯ್ಯನವರು ಬಂದು ಮಾಡುವುದನ್ನೆಲ್ಲ ಮಾಡಿದರು. ಕರಡಿಗೆ ಬಿಚ್ಚಿ, ಲಿಂಗ ಹೊರಗೆ ತೆಗೆದು, ಗುಣಿಯ ಅಂಚಿನಲ್ಲಿ ನಿಂತಿದ್ದ ನನ್ನ ಕಡೆ ಚಾಚಿದರು. ಕಣ್ಣಿಗೆ ಮಂಜು, ಮುದುಕಿ ತಡವರಿಸುತ್ತಾಳೆ ಎಂದುಕೊಂಡರೇನೋ.

"ಎಲ್ಲಿ ಇಡ್ಬೇಕು ಗೊತ್ತದೇನಮ್ಮ?"

"ಗೊತ್ತು ಸ್ವಾಮಿ, ಎಡಗೈಯಾಗೆ" ಎಂದೆ. "ಗೊತ್ತಾಗಿದ್ದು ತಡ ಆಯ್ತು."